ತುಕ್ಕಿನ ಮೇಲೆ ತೇಪೆ

ವಾಮದಪದವಿನ ಏರುತಗ್ಗುಗಳಲ್ಲಿ ಕೆಂಪುಕಲ್ಲು ಹೊತ್ತು ನಮ್ಮ ಮನೆಯನ್ನು ಸಾಕಿದ್ದು ಸೋದರಮಾವನ ಹಳೆಯ ಪಿಕಪ್ಪು. ನನ್ನ ಕಾಲೇಜು ಖರ್ಚೂ ಅದರ ದುಡಿಮೆಯೇ. ಈ ಮಳೆಗಾಲದಲ್ಲಿ ಅದರ ಚಾಸಿಯು ಹಿಂದಿನ ಚಕ್ರದ ಬಳಿ ಬಿರುಕುಬಿಟ್ಟಿತು. ಮೇಲೊಂದು ತಗಡು ಬೆಸೆದು ಬಣ್ಣ ಬಳಿದರೆ ಸಾಕೆಂದರು ಮಾವ, ಕೂಡದೆಂದೆ ನಾನು. ಕಲಾವಿಭಾಗದವನಿಗೇಕೆ ಈ ಉಸಾಬರಿಯೆಂದು ವಾಚಕರು ನಗಬಹುದು. ಆದರೆ ಕೆಸರು ಸಿಕ್ಕಿಕೊಂಡ ಚಾಸಿಯು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿ: ಗಟ್ಟಿ ಕಬ್ಬಿಣವು ಠಣ್ ಎನ್ನುತ್ತದೆ, ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಸವೆದುದಕ್ಕೆ ಬೆಸುಗೆ ನಿಲ್ಲದು. ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಕೂಡಿಸಬೇಕು. ಅದೂ ಆಗದಿದ್ದರೆ ಚಾಸಿಯನ್ನೇ ಬದಲಿಸಬೇಕು. ಸುಲಭವಲ್ಲ, ಒಪ್ಪುತ್ತೇನೆ. ಚಾಸಿಯ ಮೇಲಿನ ಸಂಖ್ಯೆಯೇ ಗಾಡಿಯ ಗುರುತು; ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. 8 ವರ್ಷ ದಾಟಿದ ಸರಕುಗಾಡಿಗೆ ವರ್ಷವರ್ಷವೂ ಯೋಗ್ಯತಾಪತ್ರ ಪಡೆಯಬೇಕು. ಬಣ್ಣ ಬಳಿದ ತೇಪೆ ಅಲ್ಲಿ ಪಾರಾದೀತು, ಇಳಿಜಾರಿನಲ್ಲಿ? ಕಲ್ಲಿನ ಮೇಲೆ ಕುಳಿತು ಬರುವವರು ಕೂಲಿಯಾಳುಗಳು. ಗಾಡಿ ಅಂಗಳದಲ್ಲಿದೆ, ಮಾವ ಇನ್ನೂ ಉತ್ತರಿಸಿಲ್ಲ.