ಮುರಿದ ಸ್ನೇಹ, ಉಳಿದ ಋಣ

ಒಲಿದವರ ನಡುವೆ ಹಣದ ಲೆಕ್ಕ ಸಣ್ಣತನವೆಂದು ಅನೇಕರು ಭಾವಿಸುತ್ತಾರೆ. ಮದುವೆಯಾಗಲಿರುವ ಹುಡುಗನ ವ್ಯಾಪಾರಕ್ಕೆಂದೋ, ಮೆಚ್ಚಿದ ಹುಡುಗಿಯ ಓದಿಗೆಂದೋ ಕೊಟ್ಟ ಕೈಗಡಕ್ಕೆ ಪತ್ರವಿರುವುದಿಲ್ಲ, ಸಾಕ್ಷಿಯಿರುವುದಿಲ್ಲ. ಸಂಬಂಧ ಮುರಿದ ದಿನ ಅದೇ ಹಣಕ್ಕೆ ಎರಡು ಹೆಸರು ಹುಟ್ಟುತ್ತವೆ. ಕೊಟ್ಟವರು ಸಾಲವೆನ್ನುತ್ತಾರೆ, ಪಡೆದವರು ಉಡುಗೊರೆಯೆನ್ನುತ್ತಾರೆ. ಮನಸ್ಸೇ ಮುರಿದ ಮೇಲೆ ಹಣದ ಮಾತೇಕೆ ಎಂದು ಮನೆಯ ಹಿರಿಯರು ಸುಮ್ಮನಿರಿಸುವುದೂ ಉಂಟು. ಆದರೆ ಶ್ರಾವಕಧರ್ಮದ ದೃಷ್ಟಿಯಲ್ಲಿ ಅನುರಾಗ ಅಳಿದರೂ ಋಣ ಅಳಿಯುವುದಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಅನುಗ್ರಹಬುದ್ಧಿಯಿಂದ ತನ್ನ ವಸ್ತುವನ್ನು ತ್ಯಜಿಸುವುದನ್ನು ದಾನವೆನ್ನುತ್ತದೆ. ತ್ಯಜಿಸಿದ್ದನ್ನು ಮರಳಿ ಕೇಳುವಂತಿಲ್ಲ. ಹಿಂದಿರುಗಿಸುವ ಮಾತಿನ ಮೇಲೆ ಕೊಟ್ಟದ್ದು ದಾನವಾಗುವುದಿಲ್ಲ. ಆದ್ದರಿಂದ ಕೊಡುವ ಕ್ಷಣದ ಭಾವವೇ ಇಲ್ಲಿ ಪ್ರಮಾಣ. ವಿರಸ ಬಂದ ಮೇಲೆ ಸಾಲವನ್ನು ಉಡುಗೊರೆಯೆನ್ನುವುದು ಎಷ್ಟು ಅಸತ್ಯವೋ, ಉಡುಗೊರೆಯನ್ನು ಸಾಲವೆನ್ನುವುದೂ ಅಷ್ಟೇ ಅಸತ್ಯ.

ಅದೇ ಅಧ್ಯಾಯವು ಸತ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ನ್ಯಾಸವೆಂದರೆ ನಂಬಿ ಇರಿಸಿದ ಇಡುಗಂಟು. ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೂ ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಕೇಳಿದಷ್ಟನ್ನು ಕೊಟ್ಟರೂ ದೋಷ ತಪ್ಪದು ಎಂದಾದರೆ, ಪತ್ರವಿಲ್ಲವೆಂಬ ಧೈರ್ಯದಿಂದ ಕೈಗಡವನ್ನೇ ಅಲ್ಲಗಳೆಯುವವರ ದೋಷ ಎಷ್ಟಿರಬೇಕು? ಪ್ರೀತಿಯಲ್ಲಿ ನಂಬಿ ಕೊಟ್ಟ ಹಣಕ್ಕೂ ಇದೇ ನ್ಯಾಯ ಸಲ್ಲುತ್ತದೆ.

ಅದೇ ಪಟ್ಟಿ ಕೊಟ್ಟವರ ಕೈಯನ್ನೂ ಕಟ್ಟುತ್ತದೆ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಹಿರಂಗಪಡಿಸುವುದೇ ರಹೋಭ್ಯಾಖ್ಯಾನ. ಹಣ ಬಾರದಿದ್ದರೆ ಹಳೆಯ ಚಿತ್ರಗಳನ್ನೂ ಸಂದೇಶಗಳನ್ನೂ ಮನೆಯವರಿಗೆ ಕಳುಹಿಸುವೆನೆಂದು ಬೆದರಿಸುವವರು ಈ ಅತಿಚಾರದ ಹೊಸ್ತಿಲಲ್ಲಿ ನಿಂತಿದ್ದಾರೆ. ಇಲ್ಲದ ಒಪ್ಪಂದವನ್ನು ಹಿಂದಿನ ತಾರೀಖು ಹಾಕಿ ಬರೆದರೆ ಅದು ಕೂಟಲೇಖಕ್ರಿಯೆ. ಹಣ ನ್ಯಾಯವಾಗಿಯೇ ತಮ್ಮದಾದರೂ ಇಂತಹ ಮಾರ್ಗದಿಂದ ಅದನ್ನು ಪಡೆದವರು ಕಷಾಯವನ್ನೇ ಗಳಿಸುತ್ತಾರೆ.

ಹಾಗಾದರೆ ಕೇಳುವುದು ಹೇಗೆ? ಕೊಟ್ಟ ದಿನ, ಮೊತ್ತ ನಮೂದಿಸಿ ಸೌಮ್ಯವಾಗಿ ಬರೆದು ಕೇಳಬೇಕು. ಕಂತುಗಳಿಗೆ ಅವಕಾಶ ಕೊಡಬೇಕು. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ನಡುವೆ ಕೂರಿಸಬೇಕು. ಆದರೂ ಆಗದಿದ್ದರೆ ನ್ಯಾಯಾಲಯವಿದೆ. ಮರುಪಾವತಿಯ ದಿನ ಗೊತ್ತುಮಾಡದ ಸಾಲಕ್ಕೆ 1963ರ ಕಾಲಮಿತಿ ಕಾಯ್ದೆಯಡಿ ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷಗಳ ಅವಧಿಯಿದೆ. ಅಷ್ಟರೊಳಗೆ ಸಾಲಗಾರರು ಋಣವನ್ನು ಒಪ್ಪಿ ಬರೆದು ಸಹಿ ಮಾಡಿದರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ದ್ವೇಷವಿಲ್ಲದೆ ದಾವೆ ಹೂಡುವುದು ಗೃಹಸ್ಥನ ಅಹಿಂಸೆಗೆ ವಿರೋಧವಲ್ಲ.

ಕ್ಷಮೆಯ ಮಾತೂ ಇಲ್ಲಿ ಬರುತ್ತದೆ. ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಯೇ ಮೊದಲನೆಯದು. ಆದರೆ ಸಾಲ ಇಟ್ಟುಕೊಂಡು ಕ್ಷಮಾವಣಿಯಂದು ಕೈಮುಗಿದರೆ ಋಣ ತೀರುವುದಿಲ್ಲ. ಕ್ಷಮಿಸಿದ ಮೇಲೂ ಬಾಕಿ ಬಾಕಿಯೇ. ಸಾಲಗಾರರು ನಿಜಕ್ಕೂ ಅಶಕ್ತರಾಗಿದ್ದರೆ ಕೊಟ್ಟವರು ಸ್ವಇಚ್ಛೆಯಿಂದ ಬಿಟ್ಟುಕೊಡಬಹುದು. ಆಗ ಅದು ದಾನವಾಗುತ್ತದೆ. ಮತ್ತೆಂದೂ ಅದನ್ನು ಎತ್ತಿ ಆಡಬಾರದು. ಆ ಔದಾರ್ಯವನ್ನು ಕೊಟ್ಟವರಿಂದ ಒತ್ತಾಯಿಸಿ ಕೇಳುವ ಹಕ್ಕು ಬೇರೆ ಯಾರಿಗೂ ಇಲ್ಲ.

ಇಷ್ಟೆಲ್ಲ ಕ್ಲೇಶಕ್ಕೆ ಮದ್ದು ಮೊದಲ ದಿನವೇ ಇದೆ. ಇದು ಉಡುಗೊರೆಯೋ ಸಾಲವೋ ಎಂದು ಒಲಿದವರಿಬ್ಬರೂ ಬಾಯಿಬಿಟ್ಟು ಆಡಿಕೊಂಡು, ಸಾಲವಾದರೆ ಎರಡು ಸಾಲು ಬರೆದಿಟ್ಟುಕೊಳ್ಳಲಿ. ಅದರಿಂದ ಪ್ರೀತಿಗೆ ಕುಂದಿಲ್ಲ. ಇಬ್ಬರ ಸತ್ಯವ್ರತಕ್ಕೂ ಅದೇ ಕಾವಲು.