ಬೇರಿನ ಹೆಸರು ಹೇಳಿರಿ

ಕಿತ್ತಳೆ ಗಿಡದ ಬೇರಿಗೂ ಗಿರಣಿ ಕಾರ್ಮಿಕನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ತೋಟ ಒಣಗಿದ ಸಣ್ಣ ರೈತನ ಮಗನೇ ನಾಳೆ ಗಿರಣಿಯ ಬಾಗಿಲಲ್ಲಿ ಕಡಿಮೆ ಕೂಲಿಗೆ ಕೈಯೊಡ್ಡಿ ನಿಲ್ಲುವವನು. ಅವನ ಹಣ್ಣು ಪೇಟೆಗೆ ಬಾರದಿದ್ದರೆ ತಳ್ಳುಗಾಡಿಯವನಿಗೂ ವ್ಯಾಪಾರವಿಲ್ಲ.

ಕೊಡಗಿನ ಕಿತ್ತಳೆಯನ್ನೇ ನೋಡಿ. ಕಾಫಿ ತೋಟಗಳ ನಡುವೆ ಬೆಳೆದು ಹೆಸರು ಗಳಿಸಿದ ಆ ಬೆಳೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಕ್ಷೀಣಿಸುತ್ತ ಬಂತು. ರೋಗ, ಕೀಟ, ಆರೈಕೆಯ ಕೊರತೆ ಎಂದು ಕಾರಣಗಳು ಹಲವು. ಹೊಸ ಗಿಡ ನೆಡುವಾಗಲಾದರೂ ಬೇರಿನ ವಿಚಾರ ಮಾಡಬೇಡವೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಯ ಅಬ್ಬರ. ಆಮೇಲೆ ತಿಂಗಳುಗಟ್ಟಲೆ ಒಣಹವೆ. ಒಂದೇ ಗಿಡ ಎರಡನ್ನೂ ತಾಳಬೇಕು.

ಕಸಿ ಗಿಡದಲ್ಲಿ ಹೆಸರು ಮೇಲಿನ ಕೊಂಬೆಯದು, ದುಡಿಮೆ ಕೆಳಗಿನ ಬೇರಿನದು. ಜಂಬೇರಿ ನಿಂಬೆಯ ಬೇರು ಬಲವಾಗಿ ಹರಡಿ ಬರವನ್ನು ತಾಳುತ್ತದೆ. ಆದರೆ ನೀರು ನಿಂತ ಜಿಗುಟು ಮಣ್ಣಿನಲ್ಲಿ ಬುಡಕೊಳೆಗೆ ಬೇಗ ತುತ್ತಾಗುತ್ತದೆ. ಮೂರೆಲೆ ಕಿತ್ತಳೆ ಆ ರೋಗವನ್ನು ಎದುರಿಸುತ್ತದೆ. ಬರವನ್ನೂ ಸುಣ್ಣದ ಮಣ್ಣನ್ನೂ ಸಹಿಸದು. ರಂಗಪುರ ನಿಂಬೆ ಬರಕ್ಕೆ ಗಟ್ಟಿ. ನಿಂತ ನೀರಿಗೆ ಅದೂ ಮದ್ದಲ್ಲ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಉಸಿರಿಲ್ಲ. ರೋಗದ ಬೀಜಕಣಗಳು ಆ ನೀರಿನಲ್ಲೇ ಈಜಿ ಬರುತ್ತವೆ. ಆದ್ದರಿಂದ ಬಸಿಗಾಲುವೆ ತೆಗೆಯದೆ ಯಾವ ಬೇರನ್ನು ನಂಬಿದರೂ ಫಲವಿಲ್ಲ.

ಒಂದೇ ಬೇರನ್ನು ನಂಬಿದವರ ಗತಿಯೇನು? ಬ್ರೆಜಿಲ್ ದೇಶದಲ್ಲಿ 1937ರಿಂದ ಮುಂದೆ ಹುಳಿ ಕಿತ್ತಳೆಯ ಬೇರಿನ ಮೇಲಿದ್ದ ಲಕ್ಷಾಂತರ ಮರಗಳು ಟ್ರಿಸ್ಟೆಜಾ ನಂಜಿಗೆ ಸತ್ತವು. ಬೆಳೆಗಾರರು ರಂಗಪುರ ನಿಂಬೆಯ ಕಡೆಗೆ ಓಡಿದರು. 1999ರಲ್ಲಿ ಕಾಣಿಸಿಕೊಂಡ 'ಹಠಾತ್ ಸಾವು' ರೋಗವು ಆ ಬೇರಿನ ಮರಗಳನ್ನೇ ಹಿಡಿಯಿತು.

ಹಣವಂತನು ಮಣ್ಣು ಪರೀಕ್ಷೆ ಮಾಡಿಸಿ, ಎರಡು ಬಗೆಯ ಬೇರನ್ನು ತರಿಸಿ ನೆಟ್ಟಾನು. ಎರಡೆಕರೆಯವನು ಸಾಲ ತಂದು, ಮಾರುವವನ ಮಾತು ನಂಬಿ ನೆಡುತ್ತಾನೆ. ಮೋಸ ಬಯಲಾಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಗಿಡ ಸತ್ತರೂ ಸಾಲ ಸಾಯುವುದಿಲ್ಲ.

ಕಿರಾಣಿ ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೇಕು. ರೈತನ ಇಡೀ ಬದುಕನ್ನು ತೂಗುವ ಸಸಿಗೆ ಬೇಡವೇ? ಪ್ರತಿ ಸಸಿಯ ರಸೀದಿಯಲ್ಲಿ ಬೇರಿನ ಹೆಸರು ಬರೆದಿರಲಿ. ಸುಳ್ಳು ಹೇಳಿ ಮಾರಿದವನು ನಷ್ಟ ತುಂಬಿಕೊಡಲಿ. ಮಣ್ಣಿಗೆ ತಕ್ಕ ಸಸಿಯನ್ನು ಸರ್ಕಾರಿ ತೋಟಗಳು ಸಹಕಾರ ಸಂಘಗಳ ಮೂಲಕ ಸಣ್ಣ ರೈತನಿಗೆ ಮೊದಲು ಒದಗಿಸಲಿ. ಇದು ಭಿಕ್ಷೆಯಲ್ಲ, ಹಕ್ಕು. ಈ ಹಕ್ಕಿಗಾಗಿ ಹಳ್ಳಿಯವರು ದನಿಯೆತ್ತಿದಾಗ ಪೇಟೆಯ ದುಡಿಯುವ ಜನ ಅವರ ಜೊತೆ ನಿಲ್ಲಬೇಕು.