ಹಳದಿ ಗೆರೆಗೂ ಕನ್ನಡವೇ ಕಾರಣವೇ?

ಕನ್ನಡದ ತರುಣರೇ,

ಕಳೆದ ವರ್ಷ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ರೈತರೊಬ್ಬರು ಪೆನ್‌ಡ್ರೈವ್ ಹಿಡಿದು ನನ್ನ ಪ್ರೆಸ್ಸಿಗೆ ಬಂದರು. ಕಬ್ಬಿನ ದುಡ್ಡು, ಸೊಸೈಟಿ ಸಾಲ ಎರಡನ್ನೂ ಸೇರಿಸಿ ಮನೆ ಕಟ್ಟಿಸಲು ಹೊರಟವರು. "ಪ್ಲಾನ ದೊಡ್ಡ ಹಾಳೇಲಿ ತಗ್ದುಕೊಡಪ್ಪ, ಮೇಸ್ತ್ರಿ ಕೇಳ್ತಾವ್ನೆ" ಅಂದರು. ಎ-೧ ಹಾಳೆಯಲ್ಲಿ ಪ್ಲಾಟ್ ತೆಗೆದೆವು. ಹಾಳೆ ಹೊರಬಂತು. ಗೋಡೆ ಕೆಂಪು, ಕಿಟಕಿ ಹಸಿರು, ಅಳತೆಗಳೆಲ್ಲ ಹಳದಿ! ಬಿಳಿ ಕಾಗದದ ಮೇಲೆ ಹಳದಿ ಅಂಕಿ ಯಾರ ಕಣ್ಣಿಗೆ ಕಾಣುತ್ತದೆ? ಕೋಣೆಗಳ ಹೆಸರನ್ನು ಕನ್ನಡದಲ್ಲೇ ಬರೆಸಿ ಎಂದು ಮೊದಲೇ ನಾನು ಅವರಿಗೆ ಹೇಳಿ ಕಳಿಸಿದ್ದೆ. ಅಡುಗೆಮನೆ ಇರಬೇಕಾದ ಕಡೆ ಸಾಲಾಗಿ ಪ್ರಶ್ನೆ ಚಿಹ್ನೆ. ದೇವರಮನೆ ಇರಬೇಕಾದ ಕಡೆಯೂ ಪ್ರಶ್ನೆ ಚಿಹ್ನೆ.

ಅಷ್ಟರಲ್ಲಾಗಲೇ ಬೇರೆ ಅಂಗಡಿಯಲ್ಲಿ ತೆಗೆಸಿದ ಅಂಥದ್ದೇ ಮಸುಕು ಪ್ರತಿ ನೋಡಿಕೊಂಡು ಮೇಸ್ತ್ರಿ ಅಂದಾಜಿನ ಮೇಲೆ ಪಾಯಕ್ಕೆ ಗುರುತು ಹಾಕಿದ್ದನಂತೆ. ಬಚ್ಚಲುಮನೆ ಒಂದು ಅಡಿ ಆಚೆಗೆ ಹೋಗಿತ್ತು. ತೋಡಿದ ಗುಂಡಿ ಮುಚ್ಚಿ ಮತ್ತೆ ತೋಡಬೇಕಾಯಿತು. ಎರಡು ದಿನದ ಕೂಲಿ ಮಣ್ಣುಪಾಲು!

ನಾನು ಆ ಇಂಜಿನಿಯರ್ ಹುಡುಗನಿಗೆ ಫೋನ್ ಮಾಡಿದೆ. ಅವನೂ ನಮ್ಮ ಜಿಲ್ಲೆಯವನೇ. ಅವನು ಏನಂದ ಗೊತ್ತೇ? "ಅದಕ್ಕೇ ಸಾರ್, ನಾವು ಕನ್ನಡ ಹಾಕಲ್ಲ. ಕ್ಯಾಡ್‌ನಲ್ಲಿ ಕನ್ನಡ ವರ್ಕ್ ಆಗಲ್ಲ. ಇಂಗ್ಲಿಷಲ್ಲೇ ಹಾಕಿ ಕಳಿಸ್ತೀನಿ ಬಿಡಿ."

ಸರಿಯಪ್ಪ, ಅಕ್ಷರ ಪ್ರಶ್ನೆ ಚಿಹ್ನೆಯಾಗಿದ್ದಕ್ಕೆ ಕನ್ನಡ ಕಾರಣ. ಹಾಗಾದರೆ ಅಳತೆ ಹಳದಿಯಾಗಿದ್ದಕ್ಕೆ ಯಾರು ಕಾರಣ? ಅದಕ್ಕೂ ಕನ್ನಡವೇ ಕಾರಣವೇ?

ನಿಜ ಏನೆಂದರೆ ಎರಡಕ್ಕೂ ಕಾರಣ ಒಂದೇ. ನಕ್ಷೆಯ ಜೊತೆ ಬರಬೇಕಾದ ಎರಡು ಫೈಲುಗಳು ಬಂದಿರಲಿಲ್ಲ. ಒಂದು ಪ್ಲಾಟ್ ಸ್ಟೈಲ್ ಫೈಲು. ಇನ್ನೊಂದು ಫಾಂಟಿನ ಫೈಲು. ಕಳಿಸದವನು ಅವನು, ತಪ್ಪು ಮಾತ್ರ ಕನ್ನಡದ ತಲೆಗೆ!

ಹೆಸರು ಮಾತ್ರ ಇದೆ, ಫೈಲಿಲ್ಲ

ಗೊತ್ತಿಲ್ಲದವರಿಗೆ ಬಿಡಿಸಿ ಹೇಳುತ್ತೇನೆ. ಆಟೋಕ್ಯಾಡ್‌ನಲ್ಲಿ ಇಂಜಿನಿಯರು ಪರದೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆಯುತ್ತಾನೆ. ಯಾವ ಬಣ್ಣದ ಗೆರೆ ಕಾಗದದ ಮೇಲೆ ಎಷ್ಟು ದಪ್ಪ ಬರಬೇಕು, ಕಪ್ಪಾಗಿ ಬರಬೇಕೋ ಬೂದುಬಣ್ಣದಲ್ಲಿ ಬರಬೇಕೋ ಎಂಬ ಲೆಕ್ಕವೆಲ್ಲ ಬೇರೆಯೇ ಒಂದು ಫೈಲಿನಲ್ಲಿರುತ್ತದೆ. ಅದೇ ಸಿಟಿಬಿ ಫೈಲು. ಅದರಲ್ಲಿ ೨೫೫ ಬಣ್ಣಗಳಿಗೆ ೨೫೫ ಸಾಲು. ಬಣ್ಣದ ಬದಲು ಹೆಸರಿಟ್ಟು ಲೆಕ್ಕ ಬರೆದರೆ ಅದು ಎಸ್‌ಟಿಬಿ. ೧೯೯೯ರಲ್ಲಿ ಬಂದ ಆಟೋಕ್ಯಾಡ್ ೨೦೦೦ದಿಂದ ಈ ಪದ್ಧತಿ ಇದೆ. ಇಪ್ಪತ್ತೈದು ವರ್ಷದ ಮೇಲಾಯಿತು, ಹೊಸದೇನಲ್ಲ.

ಇಲ್ಲೊಂದು ಗುಟ್ಟಿದೆ. ನಕ್ಷೆಯ ಫೈಲಿನೊಳಗೆ ಸಿಟಿಬಿಯ ಹೆಸರು ಮಾತ್ರ ಇರುತ್ತದೆ, ಸಿಟಿಬಿ ಇರುವುದಿಲ್ಲ! ಅದು ಇಂಜಿನಿಯರ ಕಂಪ್ಯೂಟರಿನ ಪ್ಲಾಟ್ ಸ್ಟೈಲ್ಸ್ ಫೋಲ್ಡರಿನಲ್ಲೇ ಕೂತಿರುತ್ತದೆ. ನಕ್ಷೆ ಒಂದನ್ನೇ ಪೆನ್‌ಡ್ರೈವಿಗೆ ಹಾಕಿ ಕಳಿಸಿದರೆ ನನ್ನ ಕಂಪ್ಯೂಟರ್ ಆ ಹೆಸರಿನ ಫೈಲು ಹುಡುಕುತ್ತದೆ, ಸಿಗುವುದಿಲ್ಲ, ಪರದೆಯ ಮೇಲಿದ್ದ ಬಣ್ಣವನ್ನೇ ಕಾಗದಕ್ಕೆ ಬಳಿಯುತ್ತದೆ. ಫಾಂಟಿನ ಕಥೆಯೂ ಅಷ್ಟೇ. ಯೂನಿಕೋಡ್ ಕನ್ನಡದ ಫಾಂಟು ಇಲ್ಲದಿದ್ದರೆ ಅದರ ಜಾಗಕ್ಕೆ ಇಂಗ್ಲಿಷ್ ಅಕ್ಷರವಷ್ಟೇ ಇರುವ ಎಸ್‌ಎಚ್‌ಎಕ್ಸ್ ಫಾಂಟು ಬಂದು ಕೂರುತ್ತದೆ. ಅದರಲ್ಲಿ ಕನ್ನಡ ಎಲ್ಲಿಂದ ಬರಬೇಕು? ಪ್ರಶ್ನೆ ಚಿಹ್ನೆ ಬರುತ್ತದೆ. ಹಳೇ ನುಡಿ ಫಾಂಟಿನಲ್ಲಿ ಬರೆದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಟ್ರೆಡಲ್ ಮೇಲೆ ಅಚ್ಚು ಹಾಕುತ್ತಿದ್ದರು. ಲಗ್ನಪತ್ರಿಕೆಗೆ ಬೇಕಾದ ಸೈಜಿನ ಮೊಳೆ ಕೇಸಿನಲ್ಲಿ ಇಲ್ಲದಿದ್ದರೆ ಪಕ್ಕದ ಪ್ರೆಸ್ಸಿಗೆ ಓಡಿ ಎರವಲು ತರುತ್ತಿದ್ದರು. ಮೊಳೆ ಸಾಲದು ಎಂದರೇ ಹೊರತು ಕನ್ನಡ ಅಚ್ಚಾಗಲ್ಲ ಎಂದು ಯಾರೂ ಅನ್ನಲಿಲ್ಲ. ಎಂಟನೇ ಕ್ಲಾಸು ಓದಿದ ಮೊಳೆ ಜೋಡಿಸುವವನಿಗಿದ್ದ ಮರ್ಯಾದೆ ಬಿ.ಇ. ಓದಿದವನಿಗೆ ಬೇಡವೇ?

ನಾವೂ ಸಾಚಾ ಅಲ್ಲ

ಪ್ರೆಸ್ಸಿನವರನ್ನೂ ಬಿಡುವುದಿಲ್ಲ, ನನ್ನಿಂದಲೇ ಶುರು ಮಾಡುತ್ತೇನೆ. ಒಮ್ಮೆ ಒಬ್ಬ ಗಿರಾಕಿ ತನ್ನ ಸಿಟಿಬಿ ತಂದುಕೊಟ್ಟ. ಅದರ ಹೆಸರು ಮೊನೊಕ್ರೋಮ್. ಆಟೋಕ್ಯಾಡ್ ಜೊತೆಗೇ ಬರುವ ಫೈಲಿನ ಹೆಸರೂ ಅದೇ. ಆತ ಅದನ್ನು ತಿದ್ದಿ ಎಲ್ಲ ಗೆರೆಯನ್ನೂ ದಪ್ಪ ಮಾಡಿಕೊಂಡಿದ್ದ, ಹೆಸರು ಬದಲಿಸಿರಲಿಲ್ಲ. ನಮ್ಮ ಹುಡುಗ ಅದನ್ನು ನಮ್ಮ ಫೈಲಿನ ಮೇಲೇ ಕಾಪಿ ಮಾಡಿಬಿಟ್ಟ. ಒಂದು ವಾರ ಬಂದವರ ನಕ್ಷೆಯೆಲ್ಲ ಮಸಿ ಬಳಿದಂತೆ ಬಂತು. ಬೈಸಿಕೊಂಡವನು ನಾನು. ಅಂದಿನಿಂದ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಫೋಲ್ಡರು, ಆಟೋಕ್ಯಾಡ್‌ನ ಮೂಲ ಫೈಲುಗಳನ್ನು ಮುಟ್ಟುವ ಹಾಗಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದೇನೆ.

ಕಳಿಸುವವರಿಗೆ ಇದೇನು ದೊಡ್ಡ ಕೆಲಸವೇ? ಇ-ಟ್ರಾನ್ಸ್‌ಮಿಟ್ ಎಂಬ ಒಂದು ಆಜ್ಞೆ ಸಾಕು. ನಕ್ಷೆ, ಸಿಟಿಬಿ, ಜೋಡಿಸಿದ ಬೇರೆ ನಕ್ಷೆಗಳು ಎಲ್ಲವನ್ನೂ ಒಂದೇ ಗಂಟು ಕಟ್ಟಿಕೊಡುತ್ತದೆ. ಫಾಂಟ್ ಸೇರಿಸು ಎಂಬಲ್ಲಿ ಒಂದು ಗುರುತು ಹಾಕಿದರೆ ಅದೂ ಬರುತ್ತದೆ. ಎರಡು ನಿಮಿಷದ ಕೆಲಸ!

ಹಂಗೇರಿಗೆ ಇದೆ, ನಮಗಿಲ್ಲ

ಇನ್ನು ದೊಡ್ಡ ಮಾತಿಗೆ ಬರೋಣ. ಆಟೋಕ್ಯಾಡ್ ಜೆಕ್ ಭಾಷೆಯಲ್ಲಿ ಸಿಗುತ್ತದೆ, ಹಂಗೇರಿಯನ್ ಭಾಷೆಯಲ್ಲಿ ಸಿಗುತ್ತದೆ, ಪೋಲಿಷ್, ಕೊರಿಯನ್‌ನಲ್ಲೂ ಸಿಗುತ್ತದೆ. ಹಂಗೇರಿ ದೇಶದ ಜನಸಂಖ್ಯೆ ಒಂದು ಕೋಟಿಗಿಂತ ಕಡಿಮೆ. ೨೦೧೧ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು ೪ ಕೋಟಿ ೩೭ ಲಕ್ಷ. ಆದರೂ ಕನ್ನಡದಲ್ಲಿಲ್ಲ. ಯಾಕೆ? ಅವರು ಕೇಳಿದರು, ತಮ್ಮ ಭಾಷೆಯಲ್ಲೇ ನಕ್ಷೆ ಬರೆದರು. ನಾವು ಕೇಳಲಿಲ್ಲ, ಬರೆಯಲೂ ಇಲ್ಲ. ಬರೆಯದವನಿಗೆ ಯಾವ ಕಂಪನಿ ತಾನೇ ಕೊಟ್ಟೀತು?

ಇಂಜಿನಿಯರಿಂಗಿಗೂ ಕನ್ನಡಕ್ಕೂ ಆಗಿಬರಲ್ಲ ಎನ್ನುವ ಮಹಾಶಯರಿಗೆ ಒಂದು ಪ್ರಶ್ನೆ. ಮಂಡ್ಯದ ಮನೆಮನೆಯಲ್ಲಿ ಫೋಟೋ ಹಾಕಿಸಿಕೊಂಡಿರುವ ವಿಶ್ವೇಶ್ವರಯ್ಯನವರು ಯಾರು? ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಇಂಜಿನಿಯರು. ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವಾಗ ದಿವಾನರಾಗಿ ಬೆನ್ನಿಗೆ ನಿಂತವರೂ ಅವರೇ! ಕೆ.ವಿ. ಶಂಕರಗೌಡರು ೧೯೬೨ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಕಟ್ಟಿದ್ದು ಹಳ್ಳಿ ಮಕ್ಕಳು ಇಂಜಿನಿಯರಾಗಲಿ ಎಂದು. ಹಳ್ಳಿಯ ಭಾಷೆ ಮರೆಯಲಿ ಎಂದಲ್ಲ.

ಬೋರ್ಡಿನ ಮೇಲೆ ಶೇ. ೬೦ ಕನ್ನಡ ಇರಬೇಕೆಂದು ೨೦೨೪ರಲ್ಲಿ ಕಾನೂನಾಯಿತು. ಹೋರಾಡಿದ್ದಕ್ಕೆ ಬಂತು, ಸಂತೋಷ. ಆದರೆ ಬೋರ್ಡು ಇರುವುದು ಕಟ್ಟಡದ ಹೊರಗೆ. ಒಳಗಿನ ಕಟ್ಟಡ ಎದ್ದದ್ದು ಯಾವ ಹಾಳೆ ನೋಡಿ? ಪಾಯ ತೋಡುವವನು ಕನ್ನಡದವನು, ಕಬ್ಬಿಣ ಕಟ್ಟುವವನು ಕನ್ನಡ ಓದುವವನು, ಸಾಲ ತೀರಿಸುವ ಯಜಮಾನನೂ ಕನ್ನಡದವನು. ಹಾಳೆ ಮಾತ್ರ ಇಂಗ್ಲಿಷು! ತನ್ನ ಮನೆಯ ನಕ್ಷೆಯನ್ನು ತಾನೇ ಓದಲಾರದ ಯಜಮಾನ ಮೇಸ್ತ್ರಿ ಹೇಳಿದ್ದಕ್ಕೂ ತಲೆ ಆಡಿಸಬೇಕು, ಕಂಟ್ರಾಕ್ಟರ್ ಹೇಳಿದ್ದಕ್ಕೂ ತಲೆ ಆಡಿಸಬೇಕು. ಇದು ಬರೀ ಭಾಷೆಯ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ.

ನೀವು ಮಾಡಬೇಕಾದ್ದು

ಡಿಪ್ಲೊಮಾ, ಬಿ.ಇ. ಓದುತ್ತಿರುವ ತರುಣರೇ, ಭಾಷಣ ಸಾಕು, ಕೆಲಸ ಕೇಳಿ.

ಒಂದು: ಕೋಣೆ, ಬಾಗಿಲು, ಮೆಟ್ಟಿಲು, ಸೂಚನೆ ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ. ಲಿಂಟಲ್, ಸಜ್ಜಾ, ಕಾಲಂ ಎಂದು ಮೇಸ್ತ್ರಿ ಬಾಯಲ್ಲಿರುವ ಮಾತು ಹಾಗೇ ಇರಲಿ, ಲಿಪಿ ಕನ್ನಡವಾಗಲಿ.

ಎರಡು: ಯೂನಿಕೋಡ್ ಫಾಂಟೇ ಬಳಸಿ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಇದೆ. ಒತ್ತಕ್ಷರ ಸರಿಯಾಗಿದೆಯೇ ಎಂದು ಒಂದು ಹಾಳೆ ತೆಗೆದು ನೋಡಿ.

ಮೂರು: ನಿಮ್ಮ ಸಿಟಿಬಿಗೆ ನಿಮ್ಮದೇ ಹೆಸರಿಡಿ. ಮೊನೊಕ್ರೋಮ್ ಫೈಲನ್ನು ತಿದ್ದಿ ಅದೇ ಹೆಸರಲ್ಲಿ ಬಿಡಬೇಡಿ.

ನಾಲ್ಕು: ಗೆರೆಗೆ ಟ್ರೂ ಕಲರ್ ಕೊಡಬೇಡಿ. ಅದು ಸಿಟಿಬಿಯ ಮಾತು ಕೇಳುವುದಿಲ್ಲ, ಬಣ್ಣದಲ್ಲೇ ಬರುತ್ತದೆ.

ಐದು: ಗಂಟು ಕಟ್ಟಿಯೇ ಕಳಿಸಿ, ಜೊತೆಗೆ ಒಂದು ಪಿಡಿಎಫ್ ಇಡಿ. ಅದರಲ್ಲಿ ಗೆರೆಯ ದಪ್ಪವೂ ಅಕ್ಷರವೂ ನೀವು ಇಟ್ಟ ಹಾಗೇ ಇರುತ್ತವೆ.

ಮಳವಳ್ಳಿಯ ಆ ಯಜಮಾನರಿಗೆ ಕೊನೆಗೆ ಸಿಟಿಬಿ, ಫಾಂಟು ಎರಡನ್ನೂ ತರಿಸಿ ಹೊಸ ಹಾಳೆ ತೆಗೆದುಕೊಟ್ಟೆ. ಅಳತೆಗಳು ಕಪ್ಪಗೆ ಎದ್ದು ಕಂಡವು. ಅವರು ಬೆರಳಿಟ್ಟು ಓದಿದರು: "ಅಡುಗೆಮನೆ... ದೇವರಮನೆ... ದನದ ಕೊಟ್ಟಿಗೆ. ಅಲ್ಲ ಕಣಪ್ಪ, ಕೊಟ್ಗೆ ಬಾಗ್ಲು ಇತ್ಲಾಗಿಟ್ರೆ ಹಸ ಎಂಗೆ ತಿರುಗ್ಬೇಕು?" ಅದುವರೆಗೆ ಅದೇ ನಕ್ಷೆಯನ್ನು ಇಂಗ್ಲಿಷಿನಲ್ಲಿ ಮೂರು ಸಲ ನೋಡಿ ಅವರು ತಲೆ ಆಡಿಸಿದ್ದರು!

ಬಾಗಿಲು ಬದಲಾಯಿತು. ಕನ್ನಡ ವರ್ಕ್ ಆಗಲ್ಲ ಎಂದವರು ಹೋಗಿ ಆ ಕೊಟ್ಟಿಗೆ ನೋಡಿ ಬರಲಿ.

ಸಿರಿಗನ್ನಡಂ ಗೆಲ್ಗೆ!